ಹೆಳವನ ಪುಸ್ತಕದಲ್ಲಿ ಇಲ್ಲದಾಕೆ

ಅಂದು ಬೆಳಿಗ್ಗೆ ಬ್ಯಾಡಗಿಯಲ್ಲಿ ಮಳೆ ಬರುತ್ತಲೂ ಇರಲಿಲ್ಲ, ಪೂರ್ತಿ ನಿಂತೂ ಇರಲಿಲ್ಲ. ಶ್ರಾವಣದ ಕೊನೆಯ ವಾರ. ನಾಲ್ಕು ದಿನದಿಂದ ಮೋಡ ಊರಿನ ಮೇಲೆ ಕೂತುಬಿಟ್ಟಿತ್ತು. ಆಗಾಗ ಸೂಜಿಯಷ್ಟು ಸಣ್ಣ ಹನಿ ಉದುರುವುದು, ಬಟ್ಟೆ ಒಳಗೆ ತರುವಷ್ಟರಲ್ಲಿ ನಿಲ್ಲುವುದು. ಹಸಿ ಗಾಳಿಗೆ ಮೆಣಸಿನಕಾಯಿಯ ಘಾಟು ಹೊರಗೆ ಹೋಗದೆ ಮನೆಯೊಳಗೇ ಸುತ್ತುತ್ತಿತ್ತು. ಮಂಗಳವ್ವ ಬಾಗಿಲ ಬಳಿ ಕಾಲು ಚಾಚಿ ಕೂತು, ಕೋಲ್ಡ್ ಸ್ಟೋರೇಜಿನಿಂದ ಬಂದ ಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎಪ್ಪತ್ತೈದರ ಆಸುಪಾಸಿನ ಜೀವ. ಕಣ್ಣು ಮಂದವಾಗಿದ್ದವು, ಬೆರಳು ಆಗಿರಲಿಲ್ಲ.

ಹೊರಗೆ ಮೋಟಾರ್ ಸೈಕಲ್ ನಿಂತಿತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ದಪ್ಪ ಪುಸ್ತಕವನ್ನು ಕೂಸಿನಂತೆ ಎದೆಗೆ ಅವಚಿಕೊಂಡು ಹೆಳವರ ದುರ್ಗೇಶ ಇಳಿದ. ಹೆಳವರೆಂದರೆ ಮನೆತನಗಳ ಕಥೆ ಕಾಯುವವರು. ಯಾರಿಗೆ ಯಾರು ಹುಟ್ಟಿದರು, ಯಾವ ಊರಿಂದ ಹೆಣ್ಣು ತಂದರು, ಯಾವ ಊರಿಗೆ ಕೊಟ್ಟರು ಎಂಬುದನ್ನೆಲ್ಲ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಮನೆಬಾಗಿಲಿಗೆ ಬಂದು ಓದಿ ಹೇಳಿ, ಕೊಟ್ಟ ಕಾಳು ಕೊಂಡು ಹೋಗುವವರು. ದುರ್ಗೇಶನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದ.

“ಏನಪಾ, ಈ ಮಳಿಯಾಗ ಬಂದೀದಿ? ಕಾಳು ಕೇಳಾಕ ಇದೇನು ಸುಗ್ಗೀನ?” ಎಂದಳು ಒಳಗಿನಿಂದ ಸೊಸೆ ಜಯವ್ವ.

“ಕಾಳು ಬ್ಯಾಡ್ರಿ ಅಕ್ಕಾರ. ಪುಸ್ತಕಕ್ಕ ಗೆದ್ದಲ ಹತ್ತೇತಿ. ಹೊಸಾದು ಬರಿಯಾಕತ್ತೇನಿ. ಮಾನೌಮಿಗೆ ಪೂಜಿ ಮಾಡಿ ಕಟ್ಟಿಬಿಟ್ರ ಆತು, ಆಮ್ಯಾಲೆ ಹಳೇ ತಲಿಗಳ ಹೆಸರು ತಿದ್ದೂ ಹಂಗಿಲ್ಲ. ಅದಕ್ಕ ಮನಿಮನಿ ಕೇಳ್ಕೋತ ಹೊಂಟೇನಿ.”

ಅವನು ಕೂತು ಓದಿದ. ಆರು ತಲೆಮಾರು ಇಳಿದು, “ಅವನ ಮಗ ಫಕ್ಕೀರಪ್ಪ. ಫಕ್ಕೀರಪ್ಪಗ ತಂದ ಹೆಣ್ಣು ಮಂಗಳವ್ವ, ತವರು ಗಳಗನಾಥ” ಎಂಬಲ್ಲಿಗೆ ಬಂದು ಬೆರಳಿಟ್ಟು ನಿಂತ.

“ಇಲ್ಲೇ ತೊಡಕಾಗೇತಿ ನೋಡ್ರಿ ಆಯಿ. ಗಳಗನಾಥ ನಮ್ಮ ಕಾಕಾನ ಪಾಲಿನ ಊರು. ಅವನ ಪುಸ್ತಕ ಪೂರಾ ತಿರುವಿ ಹಾಕೇವಿ. ನಿಮ್ಮಂಥಾ ಹೆಣ್ಣು ಅಲ್ಲಿ ಹುಟ್ಟೇ ಇಲ್ಲ.”

“ಹುಟ್ಟೇ ಇಲ್ಲಂದ್ರ ಇಲ್ಲಿ ಕುಂತಾಕಿ ಯಾರೋ?” ಎಂದಳು ಮಂಗಳವ್ವ. ದುರ್ಗೇಶ ನಕ್ಕ. ಆಕೆ ನಗಲಿಲ್ಲ.

“ಹಂಗಲ್ರಿ. ಖರೇ ಊರು ಸಿಕ್ರ ಬರೀತೇನಿ. ಇಲ್ಲಂದ್ರ ‘ತವರು ಗೊತ್ತಿಲ್ಲ’ ಅಂತ ಬರೀಬೇಕಾಕ್ಕೈತಿ. ನಾಳೆ ನನ್ನ ಮಗ ನಿಮ್ಮ ಮರಿಮಕ್ಕಳ ಮುಂದ ಹಂಗ ಓದ್ತಾನ.”

ಚಹಾ ಕುಡಿದು ಹೆಳವ ಹೋದ. ಮಂಗಳವ್ವ ಸಂಜೆಯವರೆಗೆ ತೊಟ್ಟು ಮುರಿಯುತ್ತಲೇ ಕೂತಳು.

ತನ್ನ ಹುಟ್ಟಿನ ಬಗ್ಗೆ ಆಕೆಗೆ ಗೊತ್ತಿದ್ದುದು ಇಷ್ಟೇ. ಎರಡು ಹೊಳೆ ಕೂಡುವ ಜಾಗ, ದೊಡ್ಡದೊಂದು ಕಲ್ಲಿನ ಗುಡಿ, ಸಂಕ್ರಾಂತಿಯ ಜನಜಂಗುಳಿ, ಒಂದು ಬಂಡಿಯೊಳಗಿನ ಬೆಚ್ಚನೆಯ ಹುಲ್ಲು. ಮೊದಲಿನ ಹೆಸರೂ ಮರೆತುಹೋಗಿತ್ತು. ಬಂಡಿ ಬ್ಯಾಡಗಿಯ ಉಡಚವ್ವನ ಗಂಡನದು. ಬೆಳಗಿನ ಜಾವ ಊರು ಮುಟ್ಟಿ ಎತ್ತಿನ ಕೊಳ್ಳು ಬಿಚ್ಚಿದಾಗ ಹುಲ್ಲಿನೊಳಗೆ ಐದಾರು ವರ್ಷದ ಹುಡುಗಿ ಮಲಗಿತ್ತು. ಯಾರದೋ ಬಂಡಿಯನ್ನು ತಮ್ಮ ಬಂಡಿಯೆಂದು ಹತ್ತಿದ್ದ ಕೂಸು. ಮಕ್ಕಳಿಲ್ಲದ ಉಡಚವ್ವ ಅದನ್ನು ಸಂಗಮದ ದೇವರ ಪ್ರಸಾದವೆಂದು ತಿಳಿದಳು. ಓಣಿಯವರಿಗೆ ತಂಗಿಯ ಮಗಳೆಂದಳು, ಮಂಗಳವ್ವ ಎಂದು ಕರೆದಳು, ಮದುವೆಯಲ್ಲಿ ಬೀಗರು ತವರು ಕೇಳಿದಾಗ ಗಳಗನಾಥ ಎಂದಳು. ಸಾಯುವ ಹಿಂದಿನ ದಿನ ಮಾತ್ರ, “ಹುಡುಕ್ಕೋತ ಬಂದಾರು ಅಂತ ನಿನ್ನ ಎಂಟು ದಿನ ಹೊರಗ ಬಿಡಲಿಲ್ಲವ್ವಾ, ತಪ್ಪಾತು” ಎಂದು ಅತ್ತಿದ್ದಳು. ಮಂಗಳವ್ವ ಅವಳ ಬಾಯಿಗೆ ಗಂಜಿ ಹಾಕುತ್ತ, “ಇರ್ಲಿ ಬಿಡಬೇ” ಎಂದಿದ್ದಳು. ಅದನ್ನೆಲ್ಲ ಮಗನಿಗೆ ಹೇಳಿದ್ದಳು. ಅದರಾಚೆ ಯಾರೂ ಕೆದಕಿರಲಿಲ್ಲ.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಮಾತು ಬಂತು. ಮಗ ಹೇಮಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಎಡ ಹೆಗಲು ಇಳಿದುಹೋಗಿತ್ತು. ರೊಟ್ಟಿ ಮುರಿಯುತ್ತ ಅವನೆಂದ:

“ಉಡಚವ್ವಾಯಿ ಹೆಸರ ಬರಸು. ಸಾಕಿದಾಕಿ ತಾಯಲ್ಲೇನು?”

“ತಾಯಿನ. ನಾ ಅಲ್ಲ ಅನ್ನಂಗಿಲ್ಲ. ಆದ್ರ ಹೆತ್ತಾಕಿ ಒಬ್ಬಾಕಿ ಇದ್ಲಲ್ಲೋ ಯಪ್ಪಾ. ಅಂದು ಆಕಿ ಮನಿಗೆ ಹೆಂಗ ಹೋಗಿರಬೇಕು? ಯಾವ ಊರಿಗೆ ಹೋಗಿರಬೇಕು?”

“ಎಪ್ಪತ್ತು ವರ್ಷದ ಮ್ಯಾಲೆ ಈ ಚಿಂತಿ?”

“ಇಷ್ಟ ದಿನ ಗಳಗನಾಥ ಅಂತ ಬರದೇತಿ ಅಂತ ಸುಮ್ಮನಿದ್ದೆ. ಈಗ ಅದೂ ಇಲ್ಲ ಅಂದ.”

ಜಯವ್ವ ರೊಟ್ಟಿಯ ಬುಟ್ಟಿಯನ್ನು ಸ್ವಲ್ಪ ಜೋರಾಗಿಯೇ ನೆಲಕ್ಕಿಟ್ಟಳು. “ಅತ್ತಿ, ನಾ ಒಂದು ಮಾತ ಅಂತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪಂಚಮಿಗೆ ಅಣ್ಣ ಕರಿಯಾಕ ಬಂದಾಗ ಏನಂದ್ರಿ? ‘ತವರು ತವರು ಅಂತ ಏನ ಕುಣೀತಿ, ನಾ ತವರಿಲ್ಲದ ಬದುಕಿಲ್ಲೇನು’ ಅಂದ್ರಿ. ಅವ ಚಹಾ ಸೈತ ಕುಡೀಲಿಲ್ಲ. ಮೂರು ವರ್ಷಾತು ನಾ ನಮ್ಮವ್ವನ ಮಾರಿ ನೋಡಿ. ಈಗ ನಿಮಗ ತವರು ಬೇಕಾತು?”

ಮೊಮ್ಮಗಳು ಸುಶ್ಮಿತಾ ತಾಯಿಯನ್ನೂ ಅಜ್ಜಿಯನ್ನೂ ನೋಡಿದಳು. ಅವಳು ದಿನಾ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು.

“ಅಪ್ಪಾ, ನಾವು ಟೊಮ್ಯಾಟೊ ಬೀಜದ ಚೀಲಕ್ಕೂ ಚೀಟಿ ಹಚ್ತೇವಿ. ಇದರ ಹೆಣ್ಣು ಯಾವ ಸಾಲಿಂದು, ಗಂಡು ಯಾವ ಸಾಲಿಂದು ಅಂತ. ನಮ್ಮಾಯಿಗೆ ಒಂದು ಚೀಟಿ ಇಲ್ಲಂದ್ರ ಹೆಂಗ?”

“ನಿಮ್ಮಾಯೇನು ಟೊಮ್ಯಾಟೊ?” ಎಂದ ಹೇಮಪ್ಪ. ಮಂಗಳವ್ವ ಅಂದು ಮೊದಲ ಸಲ ನಕ್ಕಳು. ಜಯವ್ವ ನಗದೆ ಕೈ ತೊಳೆದಳು.

ಗಳಗನಾಥಕ್ಕೊಮ್ಮೆ ಹೋಗಿ ನೋಡಬೇಕೆಂಬ ಹಟ ಮಂಗಳವ್ವನನ್ನು ಬಿಡಲಿಲ್ಲ. ಹೇಮಪ್ಪನಿಗೆ ಲಾರಿ ತುಂಬುವ ಕೆಲಸ, ಸುಶ್ಮಿತಾಳಿಗೆ ರಜೆಯಿಲ್ಲ. ಕಡೆಗೆ ಜೊತೆಗೆ ಹೊರಟವಳು ಜಯವ್ವನೇ. ಆ ದಿನದ ಕೂಲಿ ಹೋಯಿತು, ಎರಡು ಚೀಲ ಕಾಯಿ ಹಾಗೇ ಉಳಿಯಿತು.

“ಬಸ್ ಪುಕ್ಕಟೆ ಆದ ಮ್ಯಾಲೆ ಹೆಂಗಸರಿಗೆಲ್ಲಾ ಒಮ್ಮೆಲೆ ತವರು ನೆನಪಾಗ್ಯಾವ” ಎಂದು ಹೇಮಪ್ಪ ಹಿಂದಿನಿಂದ ಕೂಗಿದ.

ಹಾವೇರಿಯಲ್ಲಿ ಬಸ್ಸು ಬದಲಿಸಿ, ಗುತ್ತಲದಲ್ಲಿ ಒಂದು ತಾಸು ಕಾದು ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಗುಡಿಯ ಹಿಂದೆ ವರದೆಯೂ ತುಂಗಭದ್ರೆಯೂ ತುಂಬಿ ಒಂದಾಗಿ ಹೋಗುತ್ತಿದ್ದವು. ಮಂಗಳವ್ವ ಗುಡಿಯ ಗೋಡೆಯನ್ನು ಮುಟ್ಟಿ ನೋಡಿದಳು, ಕೈಮುಗಿದಳು. ಗುರುತು ಹತ್ತಿತು. ಆದರೆ ಊರಿನೊಳಗೆ ಹೊಕ್ಕರೆ ಒಂದು ಓಣಿ, ಒಂದು ಕಟ್ಟೆ, ಒಂದು ಬಾವಿಯೂ ನೆನಪಿಗೆ ಬರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಮುದುಕ ಅಲ್ಲಾಬಕ್ಷ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದ.

“ಯವ್ವಾ, ಸಂಕ್ರಾಂತಿಗೆ ಇಲ್ಲಿ ಸುತ್ತಿನ ಊರವರೆಲ್ಲಾ ಬಂಡಿ ಕಟ್ಕೊಂಡು ಮೀಯಾಕ ಬರ್ತಾರ. ನೀ ಇಲ್ಲಿ ಮಿಂದೀದಿ. ಹುಟ್ಟಿಲ್ಲ.”

ಎರಡು ಮಾತಿನಲ್ಲಿ ಮುಗಿಯಿತು. ಉಡಚವ್ವನಿಗೆ ಬಂಡಿ ನಿಂತಿದ್ದ ಊರೇ ಕೂಸಿನ ಊರಾಗಿತ್ತು. ಅದನ್ನೇ ಹೆಳವನ ಅಪ್ಪ ಬರೆದುಕೊಂಡಿದ್ದ, ಅದನ್ನೇ ಇವರು ಐವತ್ತೈದು ವರ್ಷ ನಂಬಿದ್ದರು.

ಮರಳಿ ಬರುವಾಗ ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಸೊಸೆ ಬುತ್ತಿ ಬಿಚ್ಚಿದರು. ರೊಟ್ಟಿ ಒಣಗಿ ಕಟಕಲಾಗಿತ್ತು. ಜಯವ್ವ ಶೇಂಗಾ ಚಟ್ನಿಗೆ ನೀರು ಹಾಕಿ ಕಲಸಿಕೊಟ್ಟಳು. ಅತ್ತೆಯ ಹಲ್ಲು ಅವಳಿಗೆ ಗೊತ್ತಿತ್ತು.

“ಜಯಾ, ನೀ ನಾಳೆ ನಿಮ್ಮವ್ವನ ನೋಡಿ ಬಾ” ಎಂದಳು ಮಂಗಳವ್ವ.

“ಕಾಯಿ ಬಿದ್ದೇತಲ್ರಿ.”

“ನಾ ಮುರೀತೇನಿ.”

“ಅಡಗಿ?”

“ನಿನ್ನ ಮದುವಿಗಿಂತ ಮೊದಲ ಈ ಮನಿ ಉಪಾಸ ಇತ್ತೇನು?”

ಜಯವ್ವ ಬೇರೆ ಕಡೆ ನೋಡುತ್ತ ಚಟ್ನಿಯ ಡಬ್ಬಿ ಮುಚ್ಚಿದಳು. ಮರುದಿನ ಹೋದಳು, ನಾಲ್ಕು ದಿನ ಇದ್ದಳು. ಅಷ್ಟೂ ದಿನ ಹೇಮಪ್ಪ ಮುದ್ದೆಯಾದ ಅನ್ನ ಉಂಡು, ತಾಯಿಗೂ ಮಗಳಿಗೂ ಬೈದ.

ಗಣಪತಿ ಹಬ್ಬ ಕಳೆಯಿತು. ಸುಶ್ಮಿತಾ ದುರ್ಗೇಶನಿಗೆ ಫೋನ್ ಮಾಡುತ್ತಲೇ ಇದ್ದಳು. ಅವನು ತಮ್ಮ ಹೆಳವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದ: ಎಪ್ಪತ್ತು ವರ್ಷದ ಹಿಂದೆ ಸಂಕ್ರಾಂತಿಯ ದಿನ ಹೆಣ್ಣುಕೂಸು ಕಳಕೊಂಡ ಮನೆ ಯಾರ ಪುಸ್ತಕದಾಗರ ಐತೇನು? ಹದಿನೈದು ದಿನ ಯಾರೂ ಹೇಳಲಿಲ್ಲ. ಆಮೇಲೊಂದು ಸಂಜೆ ಅವನೇ ಬಂದ. ಬಂದವನು ಮೊದಲು ನೀರು ಕೇಳಿ ಕುಡಿದ.

“ಹೊಸರಿತ್ತಿಯಾಗ ಐತ್ರಿ ಆಯಿ. ಆದ್ರ ಕಳಕೊಂಡ್ರು ಅಂತ ಇಲ್ಲ.”

“ಮತ್ತೇನೈತಿ?”

ಅವನು ಫೋನಿನಲ್ಲಿ ಬಂದ ಪುಟದ ಚಿತ್ರವನ್ನು ಓದಿದ. “ಹನುಮಪ್ಪಗ ಮೂರನೇದು ಹೆಣ್ಣು, ತುಂಗವ್ವ. ಆರು ವರ್ಷದಾಕಿ. ಸಂಕ್ರಾಂತಿ ಜಳಕಕ್ಕ ಹೋದಾಗ ಹೊಳಿಗೆ ಹೋದ್ಲು.”

ಹೊಳೆಗೆ ಹೋಗುವುದೆಂದರೆ ಏನೆಂದು ಯಾರಿಗೂ ಹೇಳಬೇಕಿರಲಿಲ್ಲ. ಜಯವ್ವ ಅತ್ತೆಯ ಪಕ್ಕಕ್ಕೆ ಬಂದು ಕೂತಳು.

“ಅಂದ್ರ ನಾ ಸತ್ತೇನಿ” ಎಂದಳು ಮಂಗಳವ್ವ.

“ಪುಸ್ತಕದಾಗ ಸತ್ತೀರಿ. ತಿದ್ದಬೇಕಂದ್ರ ಆ ಮನಿ ಹಿರೇಮನಷ್ಯಾ ತನ್ನ ಬಾಯಿಲೆ ಹೇಳಬೇಕು, ‘ನಮ್ಮಾಕಿ ಬದುಕ್ಯಾಳ’ ಅಂತ. ನಮ್ಮದು ಹಂಗ ನಡದು ಬಂದೇತಿ. ನಾ ನನ್ನಷ್ಟಕ್ಕ ಬರೀಲಾರೆ. ಈಗ ಹಿರೇರು ಅಂದ್ರ ಹನುಮಪ್ಪನ ಸಣ್ಣಮಗ ದುರಗಪ್ಪ, ಒಬ್ಬನ ಉಳದಾನ.”

“ನನ್ನ ತಮ್ಮ” ಎಂದು ಆಕೆ ಮೆಲ್ಲಗೆ ಹೇಳಿ ನೋಡಿದಳು. ಆ ಮಾತು ಬಾಯಿಗೆ ಹೊಸದಾಗಿತ್ತು.

ಈ ಸಲ ಹೇಮಪ್ಪನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ಹೊಸರಿತ್ತಿಯ ಮನೆ ಹಂಚಿನದು, ಮುಂದೆ ಎರಡು ಎಮ್ಮೆ. ದುರಗಪ್ಪ ಕಂಬಕ್ಕೊರಗಿ ಕೂತಿದ್ದ. ಅವನ ಹೆಂಡತಿ ಮೈಲವ್ವ ಚಾಪೆ ಹಾಸಿ ನೀರು ತಂದಿಟ್ಟಳು. ಮಗ ಮೈಲೇಶ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದ. ಹೇಮಪ್ಪ ಎಲ್ಲವನ್ನೂ ಹೇಳಿದ. ಕೇಳಿದ ಮೇಲೆ ಮೊದಲು ಬಾಯಿ ಬಿಟ್ಟವನು ಮೈಲೇಶ.

“ಮೊನ್ನೆ ಮೊನ್ನೆ ರೋಡಿನ ಸರ್ವೆ ಆಗೇತಿ. ಹೊಲಕ್ಕ ರೇಟ್ ಬಂದೇತಿ. ನಿಮ್ಮ ಬಂಡಿ ಈಗ ಬಂತು ನೋಡ್ರಿ.”

“ಏ ತಮ್ಮಾ, ಬಾಯಿ ಬಿಗಿ ಹಿಡಿ! ನಿನ್ನ ಹೊಲದ ಮಣ್ಣು ನನ್ನ ಕಾಲಿಗೆ ಹತ್ತೂದೂ ಬ್ಯಾಡ” ಎಂದು ಹೇಮಪ್ಪ ಎದ್ದೇ ನಿಂತ.

“ಕುಂದ್ರೋ ಹೇಮಾ” ಎಂದಳು ಮಂಗಳವ್ವ. ಆಮೇಲೆ ಮೈಲೇಶನ ಕಡೆ ತಿರುಗಿ, “ಹಕ್ಕು ಬಿಟ್ಟೇನಿ ಅಂತ ಯಾವ ಕಾಗದಕ್ಕರ ಹೆಬ್ಬಟ್ಟು ಕೇಳು, ಈಗ ಒತ್ತತೇನಿ. ನನಗ ನಿಮ್ಮಪ್ಪನ ಬಾಯಿಂದ ಒಂದು ಮಾತು ಬೇಕಪಾ. ಹೆಳವನ ಮುಂದ ಒಂದು ಮಾತು. ಅಷ್ಟ” ಎಂದಳು.

ದುರಗಪ್ಪ ಆಕೆಯ ಮುಖ ನೋಡಲಿಲ್ಲ. ಅಂಗಳದ ಎಮ್ಮೆಗಳನ್ನೇ ನೋಡುತ್ತ ಹೇಳಿದ:

“ನಮ್ಮಕ್ಕ ಹೊಳಿಗೆ ಹೋದ್ಲು. ನಾಲ್ಕು ದಿನ ದಂಡಿಗುಂಟ ಹುಡಿಕ್ಯಾರ. ನಮ್ಮವ್ವ ಸಾಯೂತನಕ ಹೊಳಿ ನೀರು ಕುಡೀಲಿಲ್ಲ. ಊರೆಲ್ಲಾ ಹೊಳಿ ನೀರು ತಂದ್ರ ನಾವು ಬಾವಿ ಸೇದಿ ತಂದುಕೊಡ್ತಿದ್ವಿ. ಈಗ ನೀವು ಬಂದು ಆಕಿ ಹೋಗೇ ಇಲ್ಲ ಅಂತೀರಿ. ಹಂಗಾದ್ರ ಆಕಿ ಅತ್ತಿದ್ದು ಏನು?”

ಮಂಗಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿ ಕೇಳಿದಳು, “ಆಕಿ ಹೆಸರೇನಿತ್ತು?”

“ಸಾಂತವ್ವ” ಎಂದಳು ಮೈಲವ್ವ, ಗಂಡನ ಬದಲು.

ಬಸ್ಸಿನಲ್ಲಿ ಹೇಮಪ್ಪ ಕಿಟಕಿಗೆ ಮುಖ ಮಾಡಿ ಕೂತಿದ್ದ. ಹಾವೇರಿ ದಾಟಿದ ಮೇಲೆ, “ಸಾಕಾತೇನಬೇ?” ಎಂದ.

“ಸಾಕಾತಪಾ. ಅವ್ವನ ಹೆಸರು ಸಿಕ್ತು.”

ಆದರೆ ಸಾಕಾಗಿರಲಿಲ್ಲ. ಮನೆಗೆ ಬಂದ ಮಂಗಳವ್ವ ಎಂಟು ದಿನ ಮಲಗಿದಳು. ಜ್ವರ ಹೆಚ್ಚೇನೂ ಇರಲಿಲ್ಲ. ಗುಳಿಗೆ ಕೊಟ್ಟರೆ ನುಂಗಿದಳು, ಗಂಜಿ ಕೊಟ್ಟರೆ ಅರ್ಧ ಕುಡಿದಳು. ತೊಟ್ಟು ಮುರಿಯುವ ಕೆಲಸವೆಲ್ಲ ಜಯವ್ವನ ಮೇಲೆ ಬಿತ್ತು. ಅವಳು ಕೆಮ್ಮುತ್ತ, ಸೀನುತ್ತ, ಕಾಯಿಯ ರಾಶಿಯ ಮುಂದೆ ಕೂತು, ಹೊಸರಿತ್ತಿಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬೈದಳು. ದುರ್ಗೇಶ ಫೋನ್ ಮಾಡಿ ಕೇಳಿದ, ಏನು ಬರೆಯಲಿ ಎಂದು. “ಮಾನೌಮಿ ತನಕ ಟೈಮ್ ಐತೆಲ್ಲ, ಕುಂದ್ರು ಸುಮ್ಮನ” ಎಂದು ಜಯವ್ವ ಅವನಿಗೂ ಬೈದಳು.

ಮಹಾನವಮಿಯ ಮುಂಚಿನ ಅಮಾವಾಸ್ಯೆ ಬಂತು, ಹಿರಿಯರಿಗೆ ಎಡೆ ಇಡುವ ದಿನ. ಹಿಂದಿನ ದಿನ ಮಧ್ಯಾಹ್ನ ಸುಶ್ಮಿತಾಳ ಫೋನಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂದಿತು.

“ಸುಶ್ಮಿತಾ ಏನವ್ವಾ? ನಾ ಹೊಸರಿತ್ತಿ ಮೈಲವ್ವ. ದುರ್ಗೇಶನ ಕಡೆ ನಂಬರ್ ಇಸ್ಕೊಂಡೆ. ನಾಳೆ ನಿಮ್ಮಾಯಿನ ಕರ್ಕೊಂಡು ಬಾ.”

“ಅಜ್ಜಾರು ಕರಿಯಾಕ ಹೇಳಿದ್ರೇನ್ರಿ?”

“ಅಜ್ಜ ಹೇಳಿಲ್ಲ. ನಾ ಕರಿಯಾಕತ್ತೇನಿ. ಐವತ್ತು ವರ್ಷ ಆ ಮನಿಯಾಗ ಅಡಗಿ ಮಾಡೇನಿ, ಒಬ್ಬರನ್ನ ಕರಿಯೂ ಹಕ್ಕಿಲ್ಲೇನು ನನಗ?”

ಹೇಮಪ್ಪ ಬೇಡವೆಂದ. ಮತ್ತೊಮ್ಮೆ ಅನ್ನಿಸಿಕೊಳ್ಳಲು ಯಾಕೆ ಹೋಗಬೇಕೆಂದ. ತಮ್ಮ ಮನೆಯ ಎಡೆಯೂ ಆಗಬೇಕಲ್ಲ ಎಂದ. “ಇಲ್ಲಿ ಎಡಿ ನಾ ಮಾಡ್ತೇನಿ, ನೀವು ಇರ್ರಿ. ಆಯಿ ಮೊಮ್ಮಗಳು ಹೋಗ್ಲಿ” ಎಂದಳು ಜಯವ್ವ. ಬೆಳಿಗ್ಗೆ ಬೇಗ ಎದ್ದು ಅತ್ತೆಯ ತಲೆ ಬಾಚಿ, ತನ್ನ ತವರಿನಿಂದ ಬಂದ ಹೊಸ ಇಳಕಲ್ ಸೀರೆಯನ್ನು ಉಡಿಸಿ ಕಳಿಸಿದಳು.

ಹೊಸರಿತ್ತಿಯಲ್ಲಿ ಯಾರೂ ಅವರನ್ನು ತಡೆಯಲಿಲ್ಲ, ಬರ್ರಿ ಎನ್ನಲೂ ಇಲ್ಲ. ಮೈಲವ್ವ ಮಾತ್ರ ಹಿಟ್ಟಿನ ಕೈಯಲ್ಲೇ ಬಂದು ನಡುಮನೆಯ ಹೊಸ್ತಿಲ ಬಳಿ ಕೂರಿಸಿದಳು. ಒಳಗೆ ದೇವರ ಮುಂದೆ ಕಂಬಳಿ ಹಾಸಿ, ಅದರ ಮೇಲೆ ಹಿರಿಯರ ಹೆಸರಿನ ಹೊಸ ಬಟ್ಟೆ ಇಟ್ಟಿದ್ದರು. ಮುಂದೆ ಸಾಲಾಗಿ ಐದು ಎಡೆ. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ, ತುಪ್ಪ. ನಾಲ್ಕು ಬಾಳೆ ಎಲೆಯ ಮೇಲೆ, ಐದನೆಯದು ಮಾತ್ರ ಸಣ್ಣದೊಂದು ತಾಟಿನಲ್ಲಿ. ಅದರ ಹಿಂದೆ ಧೋತರವೂ ಇರಲಿಲ್ಲ, ಸೀರೆಯೂ ಇರಲಿಲ್ಲ. ಮಡಿಕೆ ಬಿಚ್ಚದ ಒಂದು ಪುಟ್ಟ ಲಂಗ, ಆರು ಹಸಿರು ಬಳೆ.

“ಅದು ಯಾರ್ದು?” ಎಂದು ಸುಶ್ಮಿತಾ ಪಿಸುಗುಟ್ಟಿದಳು.

ಮೈಲವ್ವ ಮಂಗಳವ್ವನ ಕಡೆ ನೋಡುತ್ತ ಹೇಳಿದಳು, “ನಮ್ಮತ್ತಿ ಹಾಕಿದ ಪದ್ಧತಿ. ಪ್ರತಿ ವರ್ಷ ಇಡ್ತೇವಿ. ನಾ ಬಂದ ಮ್ಯಾಲೆ ಒಂದು ವರ್ಷ ತಪ್ಪಿಸಿಲ್ಲ. ಈ ಸಲ ಒಲಿ ಮುಂದ ಕುಂತಾಗ ಕೈ ಬರಲಿಲ್ಲವ್ವಾ. ಬದುಕಿದ್ದಾಕಿ ಹೆಸರಿಲೆ ಸತ್ತವರ ಎಡಿ ಇಟ್ರ ಆ ಪಾಪ ಯಾರಿಗೆ ಸುತ್ತತೈತಿ? ಇವರಿಗೂ ಅದನ್ನ ಕೇಳೇನಿ. ಮೂರು ದಿನಾತು, ಮಾತಾಡವಲ್ಲರು.”

ದುರಗಪ್ಪ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಬಂದ. ಹೊಸ್ತಿಲಲ್ಲಿ ಕೂತವರನ್ನು ಕಂಡು ಒಂದು ಗಳಿಗೆ ನಿಂತು, ಒಳಗೆ ಹೋದ. ಧೂಪ ಹಾಕಿದ. ಒಂದೊಂದು ಎಡೆಯ ಸುತ್ತ ನೀರು ಬಿಟ್ಟು ಹೆಸರು ಹಿಡಿದು ಕರೆದ. ಅಜ್ಜನನ್ನು ಕರೆದ. ಅಪ್ಪ ಹನುಮಪ್ಪನನ್ನು ಕರೆದ. ಅವ್ವ ಸಾಂತವ್ವನನ್ನು ಕರೆದ. ಆ ಹೆಸರಿಗೆ ಹೊಸ್ತಿಲಲ್ಲಿ ಮಂಗಳವ್ವ ಸೆರಗು ಹೊದ್ದು, ಬಗ್ಗಿ, ನೆಲಕ್ಕೆ ಹಣೆ ಹಚ್ಚಿದಳು. ದೊಡ್ಡಣ್ಣನನ್ನು ಕರೆದ. ತಾಟಿನ ಮುಂದೆ ಬಂದ. ನೀರಿನ ಕೈ ಎತ್ತಿದ.

ಎತ್ತಿದ ಕೈ ಹಾಗೇ ನಿಂತಿತು. ಬೆರಳ ಸಂದಿನಿಂದ ನೀರು ಅವನ ಮೊಣಕೈಗೆ ಇಳಿಯಿತು. ಧೂಪದ ಹೊಗೆ ಮನೆಯೊಳಗೆ ತುಂಬಿತ್ತು. ಮೈಲೇಶ ಬಾಗಿಲಿನಿಂದ, “ಅಪ್ಪಾ, ಲಗೂ ಮುಗಸು, ಕಾಗಿಗೆ ಇಡಬೇಕು” ಎಂದ.

“ಮೈಲೇಶಾ.”

“ಏನು?”

“ಆ ಹೆಳವಗ ಫೋನ್ ಹಚ್ಚು. ನಾನ ಮಾತಾಡ್ತೇನಿ.”

“ಅಪ್ಪಾ, ವಿಚಾರ ಮಾಡಿ—”

“ಹಚ್ಚು ಅಂದ್ರ ಹಚ್ಚು.”

ಮೈಲೇಶ ತಾಯಿಯ ಮುಖ ನೋಡಿದ. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಅಂಗಳಕ್ಕಿಳಿದ.

ದುರಗಪ್ಪ ಕೈಯಲ್ಲಿ ಉಳಿದ ನೀರನ್ನು ಪಕ್ಕಕ್ಕೆ ಬಿಟ್ಟ. ಕಷ್ಟಪಟ್ಟು ಮೊಣಕಾಲೂರಿ ಕೂತು, ಆ ತಾಟನ್ನು ಎಡೆಯ ಸಾಲಿನಿಂದ ಎರಡೂ ಕೈಯಲ್ಲಿ ಎತ್ತಿದ. ತುಪ್ಪ ಚೆಲ್ಲದಂತೆ ನಿಧಾನವಾಗಿ ಎದ್ದು, ಹೊಸ್ತಿಲ ತನಕ ಬಂದು, ಅಕ್ಕನ ಕೈಗೆ ಕೊಟ್ಟ.